ಪುಸ್ತಕದಲ್ಲಿಲ್ಲದ ಕತೆ

ಮೈಸೂರಿನ ಪ್ರೆಸ್ಸಿನಿಂದ ಪುಸ್ತಕದ ಕಟ್ಟುಗಳು ಶನಿವಾರ ಬೆಳಿಗ್ಗೆ ನಂಜನಗೂಡಿಗೆ ಬಂದಿಳಿದವು. ಯಶೋಧರಾ ಒಂದು ಪ್ರತಿ ಎಳೆದುಕೊಂಡು ಮೊದಲು ಮೂಸಿ ನೋಡಿದಳು. ಆಮೇಲೆ ಮುಖಪುಟದ ಮೇಲಿದ್ದ ತನ್ನ ಹೆಸರನ್ನು ಬೆರಳಲ್ಲಿ ಸವರಿದಳು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತ, ಮನೆಗೆ ಬಂದು ಉತ್ತರಪತ್ರಿಕೆ ತಿದ್ದುತ್ತ, ನಡುವೆ ಸಿಕ್ಕ ಚೂರುಪಾರು ಹೊತ್ತಿನಲ್ಲಿ ಬರೆದ ಕತೆಗಳು. ಅವಳ ಮೊದಲ ಸಂಕಲನ. ನಿಂತಲ್ಲೇ ಮುನ್ನುಡಿ ಓದತೊಡಗಿದವಳು ಎರಡನೆಯ ಪುಟಕ್ಕೆ ಬಂದು ಅಲ್ಲೇ ತಡೆದಳು.

‘ಈ ಸಂಕಲನದ ಶಿಖರವೆಂದರೆ “ಛತ್ರದ ಒಲೆ”. ಜಾತಿಯನ್ನು ಮುಚ್ಚಿಟ್ಟು ಯಾತ್ರಿಕರ ಛತ್ರವೊಂದರ ಅಡುಗೆಮನೆ ಸೇರಿದ ಹೆಣ್ಣುಜೀವ, ತನ್ನ ಕೈಯಡುಗೆಯನ್ನು ಊರೆಲ್ಲ ಉಂಡರೂ ತಾನು ಯಾರೆಂದು ಹೇಳಿಕೊಳ್ಳಲಾರದೆ, ಕೊನೆಗೊಂದು ಬೆಳಗಿನ ಜಾವ ಕಪಿಲೆಯಲ್ಲಿ ಲೀನವಾಗುತ್ತದೆ. ಕಣ್ಣು ಒದ್ದೆಯಾಗದೆ ಈ ಕತೆಯನ್ನು ಓದಿ ಮುಗಿಸುವುದು ಸಾಧ್ಯವಿಲ್ಲ.’

ಓದಿ ಮುಗಿಸುವುದಿರಲಿ, ಶುರು ಮಾಡುವುದೂ ಸಾಧ್ಯವಿರಲಿಲ್ಲ. ಆ ಕತೆ ಪುಸ್ತಕದಲ್ಲಿ ಇರಲೇ ಇಲ್ಲ.

ಅದನ್ನು ತೆಗೆದುಹಾಕಿದವಳು ಯಶೋಧರಾಳೇ. ಕತೆಯ ಹೆಂಗಸು ಅವಳ ಚಿಕ್ಕವ್ವ ಸಾಕಮ್ಮ. ಹೆಮ್ಮರಗಾಲದ ಕೇರಿಯಲ್ಲಿ ಯಶೋಧರಾಳ ತಾಯಿ ತೀರಿಕೊಂಡಾಗ ಮಗುವನ್ನು ಮಡಿಲಿಗೆ ಹಾಕಿಕೊಂಡವಳು ಅವಳು. ಕೂಲಿ ಹುಡುಕಿಕೊಂಡು ನಂಜನಗೂಡಿಗೆ ಬಂದು, ಶಂಭುಲಿಂಗಪ್ಪನವರ ಛತ್ರದಲ್ಲಿ ಅಡುಗೆಗೆ ಜನ ಬೇಕಂತೆ ಎಂದು ಕೇಳಿ, ಹಣೆಗೆ ವಿಭೂತಿ ಬಳಿದುಕೊಂಡು ಹೋಗಿ ನಿಂತಿದ್ದಳು. ಶಂಭುಲಿಂಗಪ್ಪನವರ ತಾಯಿ ಪುಟ್ಟಗೌರಮ್ಮ ಆಗ ಬದುಕಿದ್ದರು. ‘ನಮ್ಮೋರೇ ಏನವ್ವ?’ ಎಂದು ಕೇಳಿದರು. ಸಾಕಮ್ಮ ತಲೆ ತಗ್ಗಿಸಿದಳು. ಆಕೆ ಅದನ್ನು ಹೌದು ಅಂದುಕೊಂಡರು. ದಿನಾ ಹೊಳೆಯಲ್ಲಿ ಮಿಂದು ಬಂದೇ ಒಲೆ ಮುಟ್ಟಬೇಕು ಎಂಬುದೊಂದೇ ಅವರ ಕಟ್ಟಳೆ. ಆವತ್ತಿನಿಂದ ಸಾಕಮ್ಮನಿಗೆ ಆ ಅಡುಗೆಮನೆಯೇ ಗತಿ. ಯಶೋಧರಾ ಓದಿದ್ದು, ಟೀಚರಾದದ್ದು ಎಲ್ಲ ಆ ಒಲೆಯ ಮುಂದೆ ಬೆಂದವಳ ದುಡಿಮೆಯಿಂದ. ಕೇರಿಯವರಿಗೆಲ್ಲ ವಿಷಯ ಗೊತ್ತಿತ್ತು. ಒಬ್ಬರೂ ಬಾಯಿ ಬಿಟ್ಟವರಲ್ಲ.

ಫಜೀತಿ ಶುರುವಾದದ್ದು ಯಶೋಧರಾಳಿಗೆ ನಂಜನಗೂಡಿನಲ್ಲೇ ಕೆಲಸ ಸಿಕ್ಕ ಮೇಲೆ. ಅವಳು ಯಾವ ಜಾತಿಯವಳು ಎಂಬುದು ಊರಿಗೇ ಗೊತ್ತು. ಅಂಬೇಡ್ಕರ್ ಜಯಂತಿಯಲ್ಲಿ ಭಾಷಣ ಮಾಡುವವಳು, ಬುದ್ಧ ಪೂರ್ಣಿಮೆಗೆ ಮಕ್ಕಳನ್ನು ಕರೆದುಕೊಂಡು ಹೋಗುವವಳು. ಅವಳ ಜೊತೆ ನಿಂತು ಮಾತಾಡಿದರೆ ಸಾಕಮ್ಮನ ಬಣ್ಣ ಬಯಲಾಗುತ್ತಿತ್ತು. ಹಾಗಾಗಿ ಚಿಕ್ಕವ್ವ ಮಗಳು ಇಬ್ಬರೂ ನಂಜನಗೂಡಿನಲ್ಲಿ ಗುರುತಿಲ್ಲದವರು. ಸಂತೆಯಲ್ಲಿ ಎದುರಾದರೆ ಒಬ್ಬಳು ಟೊಮ್ಯಾಟೊ ನೋಡುತ್ತಿದ್ದಳು, ಇನ್ನೊಬ್ಬಳು ಆಕಾಶ ನೋಡುತ್ತಿದ್ದಳು. ಮಾತೇನಿದ್ದರೂ ಹೆಮ್ಮರಗಾಲಕ್ಕೆ ಹೋದಾಗ. ಯಶೋಧರಾಳಿಗೆ ಇದು ಅಭ್ಯಾಸವಾಗಿತ್ತೇ ಹೊರತು ಒಂದು ದಿನವೂ ಹಿಡಿಸಿರಲಿಲ್ಲ.

ಅದೇ ಸಂಕಟದಲ್ಲಿ ಆ ಕತೆ ಬರೆದಿದ್ದಳು. ಗೌರಿಹಬ್ಬಕ್ಕೆ ಊರಿಗೆ ಹೋದಾಗ ಚಿಕ್ಕವ್ವನನ್ನು ಕೂರಿಸಿಕೊಂಡು ಓದಿಯೂ ಹೇಳಿದ್ದಳು. ಸಾಕಮ್ಮ ಮುಗಿಯುವವರೆಗೂ ಅಲುಗಾಡದೆ ಕೇಳಿದ್ದಳು.

“ಚೆಂದಾಗದೆ ಮಗ. ಆದ್ರೂ ಬ್ಯಾಡ.”

“ಎಸ್ರು ಬದಲಾಯಿಸಿವ್ನಿ ಚಿಕ್ಕವ್ವ.”

“ಎಸ್ರು ಬದಲಾಯಿಸ್ದೆ, ಒಲೆ ಬದಲಾಯಿಸ್ದಾ? ನಂಜನಗೂಡಲ್ಲಿ ಓದೋರು ಇರಾಕಿಲ್ವಾ? ನಾನು ಅಲ್ಲಿ ಇರೋಗಂಟ ಬ್ಯಾಡ ಕಣ್ ಮಗ.”

ಮಾರನೆಯ ದಿನವೇ ಯಶೋಧರಾ ಪ್ರೆಸ್ಸಿಗೆ ಫೋನು ಮಾಡಿ ಆ ಕತೆ ಕೈಬಿಡಿ ಎಂದಿದ್ದಳು. ಅಷ್ಟರಲ್ಲಾಗಲೇ ಹಸ್ತಪ್ರತಿ ಓದಿದ್ದ ಪ್ರೊಫೆಸರ್ ರಾಮಚಂದ್ರ ಅವರು ಮುನ್ನುಡಿ ಬರೆದು ನೇರ ಪ್ರೆಸ್ಸಿಗೇ ಕಳಿಸಿಬಿಟ್ಟಿದ್ದರು. ಹಿರಿಯರು ಬರೆದುಕೊಟ್ಟ ಮುನ್ನುಡಿಯನ್ನು ಹೊಸಬರು ಅಚ್ಚಾಗುವ ಮೊದಲು ಕೇಳಿ ಓದುವುದುಂಟೆ? ಅದು ಅಧಿಕಪ್ರಸಂಗವಾಗುತ್ತದೆ. ಈ ಮರ್ಯಾದೆಯ ಫಲ ಈಗ ಕಟ್ಟುಕಟ್ಟಾಗಿ ಅವಳ ಮುಂದೆ ಬಿದ್ದಿತ್ತು.

ಸಾಲದ್ದಕ್ಕೆ ನಾಳೆ ಭಾನುವಾರ ಬಿಡುಗಡೆ ಸಮಾರಂಭ. ಅದೂ ಎಲ್ಲಿ? ಶಂಭುಲಿಂಗಪ್ಪನವರ ಛತ್ರದಲ್ಲೇ. ಊರಿನ ಸಾಹಿತ್ಯ ಬಳಗದ ಕಾರ್ಯಕ್ರಮಗಳಿಗೆಲ್ಲ ಅವರೇ ಸಭಾಂಗಣ ಬಿಟ್ಟುಕೊಡುವುದು, ಉಪ್ಪಿಟ್ಟು ಕಾಫಿ ಕೊಡಿಸುವುದು. ಅಕ್ಕಿ ಗಿರಣಿಯ ಸಾಹುಕಾರರಾದರೂ ಭಾಷಣ ಕೇಳುವ ಹುಚ್ಚು. ಯಶೋಧರಾಳಿಗೆ ಇದು ತಿಳಿದದ್ದು ಆಹ್ವಾನಪತ್ರಿಕೆ ಅಚ್ಚಾದ ಮೇಲೆ. ಚಿಕ್ಕವ್ವ ಊರಿಗೆ ಬಂದ ದಿನ ಹೆಮ್ಮರಗಾಲಕ್ಕೆ ಓಡಿಹೋಗಿ ಹೇಳಿದರೆ ಸಾಕಮ್ಮ ನಕ್ಕುಬಿಟ್ಟಿದ್ದಳು. “ಒಳ್ಳೇದೇ ಆಯ್ತು ಬುಡು. ಉಪ್ಪಿಟ್ಟು ನಾನೇ ತಾನೆ ಮಾಡೋದು? ನಿನ್ ಫಂಕ್ಷನ್‌ಗೆ ನಾನೂ ಇದ್ದಂಗಾಯ್ತದೆ.”

ಗಂಡ ಮಾದೇಶ ಕೆ.ಇ.ಬಿ. ಆಫೀಸಿನಿಂದ ಬರುವಷ್ಟರಲ್ಲಿ ಯಶೋಧರಾ ಬ್ಲೇಡು ಹಿಡಿದು ಕೂತಿದ್ದಳು. ಮುನ್ನುಡಿಯ ಹಾಳೆ ಕುಯ್ದರೆ ಅದರ ಜೊತೆ ಹೊಲಿದಿದ್ದ ಮೊದಲ ಕತೆಯ ಹಾಳೆಯೂ ಸಡಿಲವಾಗಿ ಉದುರುತ್ತಿತ್ತು.

“ಮುನ್ನುಡಿ ಯಾರ್ ಓದ್ತಾರೆ ಬಿಡೇ, ಸುಮ್ನೆ ತಲೆ ಕೆಡಿಸ್ಕೋಬೇಡ,” ಎಂದ ಮಾದೇಶ.

ಪಾಪ, ಮಾದೇಶನಿಗೆ ಸಾಹಿತ್ಯಲೋಕ ಗೊತ್ತಿಲ್ಲ. ಅಲ್ಲಿ ಓದುವುದು ಮುನ್ನುಡಿಯೊಂದನ್ನೇ. ಪುಸ್ತಕ ಬಿಡುಗಡೆ ಮಾಡುವವರು ಸ್ವಾಗತ ಭಾಷಣದ ಹೊತ್ತಿಗೆ ವೇದಿಕೆಯ ಮೇಲೆ ಮುನ್ನುಡಿ ಓದುತ್ತಾರೆ, ಪರಿಚಯ ಮಾಡಿಕೊಡುವವರು ಬಸ್ಸಿನಲ್ಲಿ ಓದುತ್ತಾರೆ, ಪತ್ರಿಕೆಯಲ್ಲಿ ವಿಮರ್ಶೆ ಬರೆಯುವವರು ಓದಿ ಅದನ್ನೇ ಬರೆಯುತ್ತಾರೆ. ಉಳಿದ ಪುಟಗಳು ಪುಸ್ತಕ ದಪ್ಪ ಕಾಣಲೆಂದು ಇರುವಂಥವು. ಯಶೋಧರಾಳಿಗೆ ಇದು ಚೆನ್ನಾಗಿ ಗೊತ್ತಿದ್ದುದರಿಂದಲೇ ಕೂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ, ಕೊನೆಗೆ ಚಪ್ಪಲಿ ಮೆಟ್ಟಿಕೊಂಡು ತಿ. ನರಸೀಪುರದ ಬಸ್ಸು ಹತ್ತಿದಳು. ನಾಳೆ ಆ ಕತೆಯ ಸುದ್ದಿ ಎತ್ತಬೇಡಿ ಎಂದು ಪ್ರೊಫೆಸರಿಗೆ ಹೇಳಿಬಿಟ್ಟರೆ ಅರ್ಧ ಅಪಾಯ ಕಳೆಯುತ್ತದೆ. ದಾರಿಯುದ್ದಕ್ಕೂ ಹೇಗೆ ಹೇಳಲಿ ಎಂದು ಮನಸ್ಸಿನಲ್ಲೇ ವಾಕ್ಯ ಕಟ್ಟಿದಳು, ಒಡೆದಳು.

ರಾಮಚಂದ್ರ ಅವರ ಮನೆ ಹೊಳೆಯ ಕಡೆಯ ಅಗ್ರಹಾರದ ಬೀದಿಯಲ್ಲಿ. ಕಾಲೇಜಿನಲ್ಲಿ ಯಶೋಧರಾಳಿಗೆ ಪಾಠ ಹೇಳಿದವರು, ನೀನು ಬರೆಯಬೇಕಮ್ಮ ಎಂದು ಮೊದಲು ಹೇಳಿದವರೂ ಅವರೇ. ಈಗ ನಿವೃತ್ತರು. ಅವಳು ಹೋದಾಗ ನಾಳೆಗೆಂದು ಜುಬ್ಬ ಇಸ್ತ್ರಿ ಮಾಡುತ್ತಿದ್ದರು.

“ಬಾ ಬಾ ಯಶೋಧರಾ. ನಿನ್ನ ‘ಛತ್ರದ ಒಲೆ’ ಇದೆಯಲ್ಲ, ಓದಿ ಎರಡು ದಿನ ನನಗೆ ಅನ್ನ ಸೇರಲಿಲ್ಲ ನೋಡು.”

“ಸೇರಿತ್ತು,” ಎಂದರು ಒಳಗಿನಿಂದ ಅವರ ಹೆಂಡತಿ ರಂಗನಾಯಕಿ. “ಸೇರಲಿಲ್ಲ ಸೇರಲಿಲ್ಲ ಅಂತ ಹೇಳಿಕೊಂಡೇ ಎರಡು ದಿನ ಊಟ ಮಾಡಿದ್ರು.”

ಯಶೋಧರಾಳಿಗೆ ನಗು ಬರಲಿಲ್ಲ. “ಸರ್, ನಾಳೆ ಆ ಕತೆ ಬಗ್ಗೆ ಮಾತಾಡದೇ ಇದ್ದರೆ ಒಳ್ಳೇದಿತ್ತು.”

“ಯಾಕಮ್ಮ? ಸಂಕೋಚವಾ? ಒಳ್ಳೆಯದನ್ನು ಬರೆದವರು ಸಂಕೋಚಪಡಬಾರದು.”

“ಸಂಕೋಚ ಅಲ್ಲ ಸರ್. ಅದರಲ್ಲಿ ಅವಳು ಸಾಯೋದೂ ಇಲ್ಲ.”

“ಮತ್ತೆ? ‘ಬೆಳಗಿನ ಕತ್ತಲಲ್ಲಿ ಅವಳು ಹೊಳೆಗಿಳಿದಳು’ ಅಂತ ಮುಗಿಸಿದ್ದೀಯಲ್ಲ.”

“ಸ್ನಾನಕ್ಕೆ ಸರ್.”

ಪ್ರೊಫೆಸರು ಇಸ್ತ್ರಿಪೆಟ್ಟಿಗೆ ಎತ್ತಿಟ್ಟು, ತರಗತಿಯಲ್ಲಿ ನಗುತ್ತಿದ್ದಂತೆಯೇ ನಕ್ಕರು. “ಅದು ನಿನ್ನ ಅಭಿಪ್ರಾಯ. ಬರೆದು ಮುಗಿಸಿದ ಮೇಲೆ ಬರೆದವರು ಸತ್ತಹಾಗೆ ಅಂತ ಈಗಿನ ವಿಮರ್ಶೆ ಹೇಳುತ್ತೆ. ಅರ್ಥ ಓದುಗನದ್ದು. ನಿನಗೇ ಗೊತ್ತಿಲ್ಲದೆ ಅವಳನ್ನು ನೀನು ಸಾಯಿಸಿದ್ದೀಯ.”

ಆ ಕತೆ ಪುಸ್ತಕದಲ್ಲೇ ಇಲ್ಲ ಎಂಬ ಮಾತು ಅವಳ ಗಂಟಲವರೆಗೆ ಬಂತು. ಹೇಳಿದರೆ ಯಾಕೆ ಅಂತ ಕೇಳುತ್ತಾರೆ. ಯಾಕೆ ಎಂದು ಹೇಳಿದರೆ ಇಷ್ಟು ವರ್ಷ ಕೇರಿಯೆಲ್ಲ ಕಾಪಾಡಿದ ಗುಟ್ಟನ್ನು ತಾನೇ ರಟ್ಟು ಮಾಡಿದಂತೆ. ಹೇಳದಿದ್ದರೆ ಈ ಮುದುಕರು ನಾಳೆ ನಾಲ್ಕು ಜನರ ಮುಂದೆ ನಗೆಪಾಟಲಾಗಬಹುದು. ರಂಗನಾಯಕಿ ತಂದುಕೊಟ್ಟ ಕಾಫಿಯನ್ನು ಬಿಸಿಯಾಗಿಯೇ ಗಟಗಟ ಕುಡಿದು, ನಾಲಿಗೆ ಸುಟ್ಟುಕೊಂಡು, ಬರ್ತೀನಿ ಸರ್ ಎಂದು ಎದ್ದಳು. ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ತನ್ನ ಮೇಲೆ ತನಗೇ ವಿಪರೀತ ಸಿಟ್ಟು ಬಂದಿತ್ತು.

ಭಾನುವಾರ ಛತ್ರದ ಸಭಾಂಗಣ ತುಂಬಿತ್ತು. ಶಾಲೆಯ ಸಹೋದ್ಯೋಗಿಗಳು, ಮಾದೇಶನ ಆಫೀಸಿನವರು, ಬಳಗದ ಖಾಯಂ ಗಿರಾಕಿಗಳು. ಶಂಭುಲಿಂಗಪ್ಪ ಮುಂದಿನ ಸಾಲಿನಲ್ಲಿ. ವೇದಿಕೆಯ ಪಕ್ಕದ ಬಾಗಿಲು ತೆರೆದರೆ ಅಡುಗೆಮನೆ. ಅಲ್ಲಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಅಡುಗೆಯವರೂ ಕೇಳಲಿ ಎಂದು ಸಾಹುಕಾರರು ಅಲ್ಲೂ ಒಂದು ಸ್ಪೀಕರು ಹಾಕಿಸಿದ್ದರು. ಒಳ್ಳೆಯ ಮನುಷ್ಯ ಎಂದು ಎಲ್ಲರೂ ಹೇಳುವುದು ಸುಳ್ಳಲ್ಲ. ಯಶೋಧರಾ ಮಾತ್ರ ಆ ಬಾಗಿಲನ್ನೇ ನೋಡುತ್ತ ಸೀರೆಯ ಅಂಚನ್ನು ಸುತ್ತುತ್ತ ಬಿಚ್ಚುತ್ತ ಕೂತಿದ್ದಳು. ಬೆಳಗಿನಿಂದ ಒಂದು ಲೋಟ ನೀರು ಬಿಟ್ಟರೆ ಅವಳ ಹೊಟ್ಟೆಗೆ ಏನೂ ಹೋಗಿರಲಿಲ್ಲ.

ಬಣ್ಣದ ಕಾಗದ ಹರಿದು, ರಿಬ್ಬನ್ ಬಿಚ್ಚಿ, ಪುಸ್ತಕವನ್ನು ಎದೆಯ ಮುಂದೆ ಹಿಡಿದು ಎಲ್ಲರೂ ಫೋಟೋಕ್ಕೆ ನಿಂತರು. ಬಿಡುಗಡೆ ಮಾಡಿದ ಕಾಲೇಜಿನ ಪ್ರಿನ್ಸಿಪಾಲರು ಮೈಕು ಹಿಡಿದರು. “ಈ ಸಂಕಲನದ ಶಿಖರ ‘ಛತ್ರದ ಒಲೆ’. ಇಲ್ಲೇ ಹಿಂದೆ ಹರಿಯುವ ಕಪಿಲೆ ಒಬ್ಬ ತಾಯಿಯ ಹೆಣವನ್ನು ಹೊತ್ತಳಲ್ಲ ಬಂಧುಗಳೇ!” ಎಂದು ಕರ್ಚೀಫು ತೆಗೆದರು. ಮೈಸೂರಿನಿಂದ ಬಂದ ಯುವ ವಿಮರ್ಶಕ ಸುಪ್ರೀತ್ ಇನ್ನೂ ಮುಂದೆ ಹೋದ. ಆ ಸಾವು ಸಾವಲ್ಲ, ಪ್ರತಿರೋಧ ಎಂದ. ನದಿ ಇಲ್ಲಿ ಬರಿಯ ನದಿಯಲ್ಲ, ಚರಿತ್ರೆ ಎಂದ. ತಾನು ಆ ಕತೆಯನ್ನು ಮತ್ತೆ ಮತ್ತೆ ಓದಿದೆ, ಪ್ರತಿ ಓದಿಗೂ ಹೊಸ ಅರ್ಥ ಹೊಳೆಯಿತು ಎಂದ. ಇಲ್ಲದ ಕತೆಯನ್ನು ಮತ್ತೆ ಮತ್ತೆ ಓದುವುದು ವಿಮರ್ಶಕರಿಗೆ ಮಾತ್ರ ಸಾಧ್ಯವಾಗುವ ಕೆಲಸ.

ಕೊನೆಗೆ ಪ್ರೊಫೆಸರ್ ರಾಮಚಂದ್ರ. ಅವರಾದರೂ ನಿಜವಾಗಿ ಓದಿದ್ದವರು, ನಿಜವಾಗಿ ನೊಂದಿದ್ದವರು. ಮಾತು ಮುಗಿಸುವಾಗ ಅವರ ದನಿ ನಡುಗಿತು. “ಆ ಹೆಸರಿಲ್ಲದ ತಾಯಿಗಾಗಿ ನಾವೆಲ್ಲ ಒಂದು ನಿಮಿಷ ಎದ್ದು ನಿಲ್ಲೋಣ.”

ಸಭೆಗೆ ಸಭೆಯೇ ಎದ್ದು ನಿಂತಿತು. ಎಲ್ಲರೂ ತಲೆ ಬಗ್ಗಿಸಿದರು. ಆ ನಿಶ್ಶಬ್ದದಲ್ಲಿ ಅಡುಗೆಮನೆಯಿಂದ ಬಾಣಲೆಗೆ ಸೌಟು ತಾಗುವ ಸದ್ದು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ಸಾಕಮ್ಮ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ನಿಂತವರನ್ನೆಲ್ಲ ಒಮ್ಮೆ ನೋಡಿದಳು. ಎಲ್ಲರೂ ನಿಂತಿದ್ದಾರೆಂದು ತಾನೂ ಸೆರಗು ಹೊದ್ದು ತಲೆ ತಗ್ಗಿಸಿ ನಿಂತಳು. ತನ್ನ ಸಾವಿಗೆ ತಾನೇ ಮೌನ ಆಚರಿಸುತ್ತ ನಿಂತ ಚಿಕ್ಕವ್ವನನ್ನು ಕಂಡು ಯಶೋಧರಾಳಿಗೆ ಅಳಬೇಕೋ ಕಿರುಚಬೇಕೋ ತಿಳಿಯಲಿಲ್ಲ.

ಲೇಖಕಿಯ ಮಾತು ಎಂದು ಕರೆದರು. ಅವಳು ಮೈಕಿನ ಮುಂದೆ ಬಂದು ಎಲ್ಲರಿಗೂ ವಂದನೆ ಹೇಳಿ ಮುಗಿಸಿಬಿಡಬೇಕು ಅನ್ನುವಷ್ಟರಲ್ಲಿ ಶಂಭುಲಿಂಗಪ್ಪ ಕೈ ಎತ್ತಿದರು. ಭಾಷಣ ನಡೆಯುವಷ್ಟು ಹೊತ್ತೂ ಅವರು ಪುಸ್ತಕದ ಹಾಳೆ ತಿರುವುತ್ತಲೇ ಇದ್ದರು. ಆ ಸಭೆಯಲ್ಲಿ ಪುಸ್ತಕವನ್ನು ಮುನ್ನುಡಿಯಿಂದಾಚೆಗೆ ತೆರೆದವರು ಅವರೊಬ್ಬರೇ.

“ಮೇಡಮ್ನೋರೇ, ತಪ್ಪು ತಿಳೀಬೇಡಿ. ಆ ಕತೆ ಯಾವ ಪೇಜಲ್ಲಿ ಅದೆ? ಎಷ್ಟು ತಿರುವಾಕುದ್ರೂ ಸಿಕ್ತಿಲ್ಲ. ನನ್ನ ಪುಸ್ತಕದಲ್ಲಿ ಹಾಳೆ ಬಿಟ್ಟೋಗದೋ ಏನೋ.”

ಸಭಾಂಗಣದ ತುಂಬ ಪುಟ ತಿರುವುವ ಸದ್ದು. ಪ್ರಿನ್ಸಿಪಾಲರು ಪರಿವಿಡಿ ನೋಡಿದರು, ಕರ್ಚೀಫು ಜೇಬಿಗಿಟ್ಟರು. ಸುಪ್ರೀತ್ ಪುಸ್ತಕವನ್ನು ಸನ್ಮಾನದ ಶಾಲಿನ ಕೆಳಗೆ ತಳ್ಳಿದ. ಪ್ರೊಫೆಸರ್ ಮಾತ್ರ ಏನೂ ತೋಚದೆ ಯಶೋಧರಾಳ ಮುಖ ನೋಡಿದರು.

“ಪುಟ ಜಾಸ್ತಿ ಆಗುತ್ತೆ ಅಂತ ಕೊನೇಲಿ ತೆಗೆಸಿದೆ ಸರ್,” ಎಂದಳು.

“ಅಯ್ಯೋ, ತೆಗೆಯೋದು ತೆಗೆದ್ರಿ, ಅದನ್ನೇ ತೆಗೀಬೇಕಾ? ಹೋಗ್ಲಿ, ಒಂದು ಮಾತು ಹೇಳಿ. ಆಯಮ್ಮ ನಿಜವಾಗ್ಲೂ ಇದ್ದೋರಾ? ನಮ್ಮೂರಿನ ಛತ್ರವೇನಾ ಅದು?”

ಬಾಗಿಲಲ್ಲಿ ಚಿಕ್ಕವ್ವ ನಿಂತೇ ಇದ್ದಳು. ಯಶೋಧರಾ ಆ ಕಡೆ ನೋಡದೆ, ಸಂತೆಯಲ್ಲಿ ಮಾಡುತ್ತಿದ್ದ ಅಭ್ಯಾಸಬಲದಿಂದ, ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿಕೊಂಡು ಹೇಳಿದಳು: “ಇಲ್ಲ ಸರ್. ಎಲ್ಲ ಕಲ್ಪನೆ. ಅಂಥ ಹೆಂಗಸು ಎಲ್ಲೂ ಇಲ್ಲ. ಯಾವತ್ತೂ ಇರಲಿಲ್ಲ.”

“ಇದ್ದಿದ್ರೆ ಕಾಲಿಗೆ ಬೀಳ್ತಿದ್ದೆ ಕಣ್ರೀ,” ಎಂದರು ಶಂಭುಲಿಂಗಪ್ಪ. ಜನ ಚಪ್ಪಾಳೆ ತಟ್ಟಿದರು. ಯಶೋಧರಾ ಕುರ್ಚಿಗೆ ಬಂದು ಕುಸಿದಳು. ಗಂಡಾಂತರ ಕಳೆಯಿತು ಎಂದುಕೊಂಡಳು.

ಉಪ್ಪಿಟ್ಟಿನ ತಟ್ಟೆಗಳು ಬಂದವು. ಎಂದಿನಂತೆ ಬಡಿಸುವವರು ಹಿಂದಿನ ಸಾಲುಗಳಿಗೆ ಹೋದರು. ವೇದಿಕೆಯ ಕಡೆಗೆ ಮಾತ್ರ ಸಾಕಮ್ಮ ತಾನೇ ಬಕೆಟ್ಟು ಹಿಡಿದು ಬಂದಳು. ಪ್ರಿನ್ಸಿಪಾಲರಿಗೆ ಬಡಿಸಿದಳು, ಸುಪ್ರೀತನಿಗೆ ಬಡಿಸಿದಳು, ಪ್ರೊಫೆಸರಿಗೆ, ಅವರ ಪಕ್ಕ ಬಂದು ಕೂತಿದ್ದ ಶಂಭುಲಿಂಗಪ್ಪನವರಿಗೆ. ಕೊನೆಗೆ ಯಶೋಧರಾಳ ಮುಂದೆ ನಿಂತಳು. ಯಶೋಧರಾ ತಟ್ಟೆ ಒಡ್ಡಿ ಮುಖ ಬೇರೆ ಕಡೆ ತಿರುಗಿಸಿದಳು.

“ಬೆಳಗಿಂದ ಏನಾರ ತಿಂದಿದ್ದೀಯಾ ಮಗ?”

ಗುರುತಿಲ್ಲದವರನ್ನು ಕೇಳುವಂತೆ ಯಶೋಧರಾ, “ಏನಮ್ಮಾ?” ಎಂದಳು.

ಸಾಕಮ್ಮ ಒಂದು ಸೌಟು ಬಡಿಸಿ ಬಕೆಟ್ಟು ಕೆಳಗಿಟ್ಟಳು. “ಏನಮ್ಮಾ ಅಂತೀಯಲ್ಲ. ಇವ್ರು ನನ್ನ ಒಳೆಗೆ ತಳ್ಳಿ ಸಾಯ್ಸುದ್ರು. ಓಗ್ಲಿ, ಇವ್ರೇನ್ ನನ್ ಕಂಡೋರಾ? ನೀನು, ನಾ ಉಟ್ಟೇ ಇಲ್ಲ ಅಂದ್ಬುಟ್ಟಲ್ಲ ಮಗ.”

“ನೀನೇ ತಾನೆ ಏಳ್ಬ್ಯಾಡ ಅಂದಿದ್ದು,” ಯಶೋಧರಾ ಪಿಸುಗುಟ್ಟಿದಳು.

“ಏಳ್ಬ್ಯಾಡ ಅಂದೆ. ಇಲ್ಲ ಅನ್ನು ಅಂದ್ನಾ?”

ತಟ್ಟೆಯಿಂದ ತಲೆ ಎತ್ತಿದ ಪ್ರೊಫೆಸರು, “ಯಾರಮ್ಮ ಯಶೋಧರಾ ಇವರು?” ಎಂದರು. ಉತ್ತರ ಕೊಟ್ಟವಳು ಸಾಕಮ್ಮ.

“ಇವ್ಳು ನಮ್ಮಕ್ಕನ ಮಗಳು ಸ್ವಾಮಿ. ಅಕ್ಕ ಸತ್ತ ಮ್ಯಾಲೆ ನಾನೇ ಸಾಕ್ದೋಳು, ಈ ಒಲೆ ಮುಂದೆ ಬೆಂದು. ನಾನು ಎಮ್ಮರಗಾಲದ ಕೇರಿಯೋಳು. ನೀವೆಲ್ಲಾ ಎದ್ದು ನಿಂತ್ರಲ್ಲ, ಅದು ನಂಗೇಯ. ಒಳೆಗೆ ಸಾಯಕ್ ಓಗಿರ್ನಿಲ್ಲ ಸ್ವಾಮಿ, ಮೀಯಕ್ ಓಗಿದ್ದೆ. ದಿನಾ ಓಗ್ತೀನಿ.”

ಸುದ್ದಿ ಸಾಲಿನಿಂದ ಸಾಲಿಗೆ ಹಿಂದಕ್ಕೆ ಹೋಯಿತು. ಹಿಂದೆ ಯಾರೋ ಒಬ್ಬರು ತಟ್ಟೆಯನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಸರಿಸಿದರು. ಅವರನ್ನು ನೋಡಿ ಇನ್ನೂ ಇಬ್ಬರು ಸರಿಸಿದರು. ಪ್ರೊಫೆಸರ್ ರಾಮಚಂದ್ರ ಅದನ್ನು ನೋಡಿದರು. ಅವರ ಮುಖ ಕೆಂಪಾಯಿತು. ತಟ್ಟೆ ಮುಂದೆ ಚಾಚಿ, ಸಭೆಗೆಲ್ಲ ಕೇಳುವಂತೆ, “ತಾಯಿ, ನನಗೆ ಇನ್ನೊಂದು ಸಲ ಬಡಿಸಿ,” ಎಂದರು.

ಸಾಕಮ್ಮ ತಟ್ಟೆ ನೋಡಿದಳು. ಮೊದಲು ಬಡಿಸಿದ್ದೇ ಅರ್ಧ ಉಳಿದಿತ್ತು. “ತೋರ್ಸಕ್ಕೆ ತಿನ್ಬ್ಯಾಡಿ ಸ್ವಾಮಿ. ಅಸಿವಿದ್ರೆ ತಿನ್ನಿ.” ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಪ್ರೊಫೆಸರು ಚಾಚಿದ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡರು.

ಶಂಭುಲಿಂಗಪ್ಪನವರ ಚಮಚ ತಟ್ಟೆಯಲ್ಲೇ ನಿಂತಿತ್ತು. ಕಾಲಿಗೆ ಬೀಳುತ್ತೇನೆ ಎಂದದ್ದನ್ನು ಯಾರೂ ಅವರಿಗೆ ನೆನಪಿಸಲಿಲ್ಲ. ಅವರಿಗೇ ನೆನಪಿತ್ತೆಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಚಮಚ ಬದಿಗಿಟ್ಟು, “ಸಾಕವ್ವ, ಇಷ್ಟು ವರ್ಷ ನಮ್ಮ ಮನೆ ಅನ್ನ ಬೇಯಿಸ್ದೆ. ಮೊದಲೇ ಒಂದು ಮಾತು ಹೇಳ್ಬಾರ್ದಾಗಿತ್ತಾ?” ಎಂದರು.

“ಮೊದ್ಲೇ ಏಳಿದ್ರೆ ಒಲೆ ತಾವ್ಕೆ ಬುಡ್ತಿದ್ರಾ ಸಾವ್ಕಾರ್ರೇ?”

ಶಂಭುಲಿಂಗಪ್ಪ ಬಾಯಿ ತೆರೆದರು. ಆ ಮನುಷ್ಯ ಸುಳ್ಳು ಹೇಳುವವರಲ್ಲ. ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡು ತಟ್ಟೆ ನೋಡುತ್ತ ಕೂತರು. ಎದ್ದು ಹೋಗಲಿಲ್ಲ, ತಿನ್ನಲೂ ಇಲ್ಲ.

ನಾಳೆಯಿಂದ ಈ ಅಡುಗೆಮನೆಯಲ್ಲಿ ಸಾಕಮ್ಮನಿಗೆ ಜಾಗವಿದೆಯೋ ಇಲ್ಲವೋ ಹೇಳುವವರು ಯಾರೂ ಇರಲಿಲ್ಲ. ಅವಳು ಬಕೆಟ್ಟು ಎತ್ತಿಕೊಂಡು ಒಳಗೆ ಹೊರಟಳು. ಯಶೋಧರಾ ಆಗ ತನ್ನ ತಟ್ಟೆ ನೋಡಿಕೊಂಡಳು. ಯಾವಾಗ ತಿಂದಳೋ ಅವಳಿಗೇ ಗೊತ್ತಿರಲಿಲ್ಲ, ತಟ್ಟೆ ಖಾಲಿಯಾಗಿತ್ತು. ಹೊಟ್ಟೆ ಇನ್ನೂ ಕೂಗುತ್ತಿತ್ತು. ಎದ್ದು ನಿಂತಳು. ಟೀಚರಮ್ಮನ ನಯವಾದ ಕನ್ನಡವೆಲ್ಲ ಎಲ್ಲೋ ಬಿದ್ದುಹೋಗಿ, ಹಿಂದಿನ ಸಾಲಿನವರೆಗೂ ಮುಟ್ಟುವಂತೆ, ನಂಜನಗೂಡಿಗೆ ಬಂದ ಮೇಲೆ ಮೊದಲ ಸಲ ಕೂಗಿದಳು:

“ಚಿಕ್ಕವ್ವಾ, ನಿಂತ್ಕೊ. ನಂಗಿನ್ನೂ ಅಸಿವು. ಇನ್ನೊಂದ್ ಸವ್ಟು ಆಕು.”